ಕತ್ತರಿಸಿದ ಮುಖಗಳ ಲಕೋಟೆ

ಪುಸ್ತಕಗಳಿಗೆ ಬೈಂಡು ಹಾಕುವ ಮುದುಕ ಸಂಗ್ರಹಾಲಯದ ಬೆಂಚಿನ ಮೇಲೆ ಕಾದು ಕೂತಿದ್ದ. ಪಕ್ಕದಲ್ಲಿ ದೊಡ್ಡಮನೆಯ ಅತ್ತಿಗೆ, ನಾದಿನಿ. ಎದುರಿಗೆ ಅವರು ಒಪ್ಪಿಸಲು ತಂದ ಮನೆತನದ ಫೋಟೊ, ಕಾಗದಗಳ ಏಳು ಪೆಟ್ಟಿಗೆ. ಕಿವಿಯನ್ನೇನು ಮನೆಯಲ್ಲಿ ಬಿಟ್ಟು ಬರಲಾಗುತ್ತದೆಯೇ?

"ಎಲ್ಲಾ ಫೋಟೊದಲ್ಲೂ ಒಂದೊಂದು ತೂತಿದೆಯಲ್ಲ ಅತ್ತಿಗೆ."

"ನಿಮ್ಮ ತಾತ ಕತ್ತರಿ ಆಡಿಸಿದ್ದು. ನಿಮ್ಮ ಸಣ್ಣತ್ತೆ ನಮ್ಮನೆ ಡ್ರೈವರನ್ನೇ ಮದುವೆಯಾದ್ರಲ್ಲ, ಅವತ್ತೇ."

"ಅಜ್ಜಿ ಸುಮ್ಮನಿದ್ರಾ?"

"ತುಟಿ ಪಿಟಕ್ ಅನ್ನಲಿಲ್ಲವಂತೆ. ಆದ್ರೆ ಇದು ನೋಡು, ಅವರ ಕಾಗದಗಳ ನಡುವೆ ಸಿಕ್ತು."

ಲಕೋಟೆಯಿಂದ ಅಂಗಿ ಗುಂಡಿಯಷ್ಟಗಲದ ಮುಖಗಳು ಮಡಿಲಿಗೆ ಉದುರಿದವು.

"ಎಲ್ಲಾ ಸಣ್ಣತ್ತೇನೇ."

"ಹಿಂದೆ ನೋಡು. ಯಾವ ಫೋಟೊದ್ದು ಅಂತ ಒಂದೊಂದಕ್ಕೂ ಬರೆದಿಟ್ಟಿದ್ದಾರೆ."

"ಹಾಗಾದ್ರೆ ಗಮ್ ತರ್ತೀನಿ, ಅಂಟಿಸಿಯೇ ಕೊಡೋಣ."

ಮುದುಕನಿಗೆ ತಡೆಯಲಾಗಲಿಲ್ಲ. "ಅಂಗಡಿ ಗಮ್ ಬೇಡಿ ತಾಯಿ, ಫೋಟೊ ಹಳದಿಯಾಗುತ್ತೆ. ಮೈದಾ ಅಂಟು ಕಾಯಿಸಿ ಹಚ್ಚಿ. ಬೇಕಾದಾಗ ಬಿಡಿಸಲೂಬಹುದು."

"ಬಿಡಿಸೋ ಮಾತು ಸಾಕಪ್ಪ," ಎಂದರು ಅತ್ತಿಗೆ.

ಅಷ್ಟರಲ್ಲಿ ಗುಮಾಸ್ತ ಕರೆದ. ನಾದಿನಿ ಎದ್ದವಳು ಅಲ್ಲೇ ನಿಂತಳು.

"ಸಣ್ಣತ್ತೆ ಮನೆ ಇಲ್ಲಿಂದ ಎರಡೇ ಬೀದಿ. ಅವರ ಕೈಯಲ್ಲೇ ಅಂಟಿಸಿದ್ರೆ?"

"ಇಷ್ಟು ವರ್ಷದ ಮೇಲೆ ನಮಗೆ ಬಾಗಿಲು ತೆಗೀತಾರಾ?"

"ಲಕೋಟೆ ತೋರಿಸೋಣ. ಅವರಮ್ಮನ ಅಕ್ಷರ ಅವರಿಗೆ ಗುರುತು ಸಿಗದೇ ಇರುತ್ತಾ?"

ಅತ್ತಿಗೆ ಮುಖಗಳನ್ನು ಒಂದೊಂದಾಗಿ ಲಕೋಟೆಗೆ ತುಂಬಿದರು. ಪೆಟ್ಟಿಗೆಗಳು ಇವತ್ತು ಇಲ್ಲೇ ಇರಲಿ, ನಾಳೆ ಒಪ್ಪಿಸುತ್ತೇವೆಂದು ಗುಮಾಸ್ತನಿಗೆ ಹೇಳಿ, ತೂತಿನ ಫೋಟೊಗಳ ಕಟ್ಟನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದರು.

"ದಾರೀಲಿ ಮೈದಾ ತಗೊಂಡೇ ಹೋಗೋಣ ಕಣೆ. ಅವರು ಬಾಗಿಲು ತೆಗೆದ ಮೇಲೆ ಹುಡುಕ್ತಾ ಕೂರೋದು ಬೇಡ."