ಕರ್ನಲ್ ಮರೆತ ಕೌಂಟರ್

"ಹಲೋ... ಹಲೋ, ಯಾರು ಮಾತಾಡೋದು? ... ಅತ್ತಿಗೆನಾ? ಏನು, ಮತ್ತೆ ಕೈ ಕೊಡ್ತಾ?"

ಆಂಬುಲೆನ್ಸ್ ಕರೆಗಳನ್ನು ಎತ್ತಿಕೊಳ್ಳುವ ಕೋಣೆಯಲ್ಲಿ ಇವನ ಅತ್ತಿಗೆಗೆ ಕೆಲಸ. ಅಲ್ಲಿನ ಫೋನುಗಳನ್ನೆಲ್ಲ ನಡೆಸುವ ಕಂಪ್ಯೂಟರಿನ ಕರ್ನಲ್, ಅಂದರೆ ಇಡೀ ಯಂತ್ರವನ್ನು ಆಳುವ ಒಳಗಿನ ತಂತ್ರಾಂಶ, ಸರಿಪಡಿಸುವುದು ಇವನ ಕೆಲಸ. ಮೂಗಿನ ತುದಿಯಲ್ಲೇ ಕೋಪ ಇದ್ದುದರಿಂದ ಎಲ್ಲರ ಬಾಯಲ್ಲೂ ಇವನು ಮೆಣಸಿನಕಾಯಿ.

"... ಫೋನುಗಳು ಇನ್ನೂ ನಿಂತಿಲ್ವಾ? ಕೌಂಟರ್ ಎಷ್ಟು ತುಂಬಿದೆ ಅಂತ ತೋರಿಸ್ತಿದೆ? ... ನೂರಕ್ಕೆ ಎಪ್ಪತ್ತಾ! ಕರೆಂಟ್ ಹೋಗಿತ್ತಾ? ... ಅದೇ ನೋಡಿ, ಯಂತ್ರ ನಿದ್ದೆ ಹೋಗಿ ಎದ್ದಿದೆ."

"... ಅಯ್ಯೋ, ಕೌಂಟರ್ ಅಂದ್ರೆ ಮೀಟರ್ ಥರ ಅತ್ತಿಗೆ. ಪ್ರೊಸೆಸರ್ ಎಷ್ಟು ದುಡೀತು ಅಂತ ಅದರೊಳಗೇ ಎಣಿಸುತ್ತೆ. ನಿದ್ದೆಯಿಂದ ಎದ್ದ ಕರ್ನಲ್ ಒಂದು ಕೌಂಟರನ್ನ ಮರೆತೇಬಿಡುತ್ತೆ. ಅದು ಎಣಿಸಿ, ಎಣಿಸಿ, ತುಂಬಿದಾಗ ಬಾಗಿಲು ಬಡಿಯುತ್ತೆ. ಕರ್ನಲ್ ಇದು ನಮ್ಮನೇದಲ್ಲ ಅಂತ ಸುಮ್ನಿರುತ್ತೆ. ಬಡಿತ ನಿಲ್ಲಲ್ಲ. ಆ ಗಲಾಟೆಲಿ ಎಲ್ಲಾ ಫೋನೂ ಸತ್ತುಹೋಗುತ್ತೆ."

"... ರೀಸ್ಟಾರ್ಟ್ ಮಾಡಿ. ಸರಿಮಾಡಿದ ಕರ್ನಲ್ ನಿನ್ನೆನೇ ಹಾಕಿದ್ದೀನಿ, ಎದ್ದಾಗ ಅದೇ ಬರುತ್ತೆ. ... ಯಾಕಾಗಲ್ಲ? ... ಪಕ್ಕದ ಮೇಜಲ್ಲಿ ಕರೆ ನಡೀತಿದೆಯಾ? ಹೆರಿಗೆನಾ? ... ಗಂಡ ಒಬ್ಬನೇನಾ ಮನೇಲಿ? ತಲೆ ಕಾಣಿಸ್ತಿದೆಯಾ?"

ಇವನು ಕುರ್ಚಿಯಿಂದ ಎದ್ದುಬಿಟ್ಟ. ರೀಸ್ಟಾರ್ಟ್ ಮಾಡಿದರೆ ಆ ಗಂಡನ ಕರೆ ಈಗಲೇ ಕಡಿಯುತ್ತದೆ. ಮಾಡದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ತಾನಾಗಿಯೇ ಕಡಿಯುತ್ತದೆ. ಅತ್ತ ದರಿ, ಇತ್ತ ಪುಲಿ.

"... ಎಂಬತ್ತಾ? ಸರಿ, ಕೌಂಟರ್ ನಿಲ್ಲಿಸು ಅಂತ ಟೈಪ್ ಹೊಡೀರಿ, ಮೊನ್ನೆ ತೋರಿಸಿದ್ನಲ್ಲ ಹಾಗೆ. ... ಏನಂತು? ... ಯಾವ ಕೌಂಟರೂ ಓಡ್ತಿಲ್ಲ ಅಂತಾ? ಕಣ್ಮುಂದೆ ಓಡ್ತಿದೆ, ಸುಳ್ಳು ಬೊಗಳುತ್ತೆ ಮುಂಡೇದು! ... ನಿಮಗಲ್ಲ ಅತ್ತಿಗೆ, ಕರ್ನಲ್‌ಗೆ ಬೈದೆ."

"... ಯಾರದು ಹಿಂದೆ ಕೂಗಾಡ್ತಿರೋದು? ಮೇಲ್ವಿಚಾರಕರಾ? ಕೊಡಿ. ... ಹಾಂ ಸಾರ್. ... ಕಂಪನಿಯೋರು ನಾಳೆ ಬರ್ತಾರೆ, ಸಂತೋಷ. ಮಗು ನಾಳೆ ತನಕ ಕಾಯುತ್ತಾ ಸಾರ್? ... ಹೌದು, ನನ್ನ ಬಾಯಿ ಜಾಸ್ತಿನೇ. ಬೈಯೋದಿದ್ರೆ ಆಮೇಲೆ ಬೈಯಿರಿ. ಅತ್ತಿಗೆಗೆ ಫೋನ್ ಕೊಡಿ. ... ಕೊಡಿ ಅಂದೆ!"

"... ಅತ್ತಿಗೆ, ಕೇಳಿ. ನಿಲ್ಲಿಸು ಅನ್ಬೇಡಿ. ಶುರು ಮಾಡು ಅನ್ನಿ. ... ನನಗೇನೂ ತಲೆ ಕೆಟ್ಟಿಲ್ಲ. ತಾನು ಶುರು ಮಾಡಿದ್ದನ್ನ ಮಾತ್ರ ಅದು ನಿಲ್ಲಿಸೋದು. ಮಗು ನನ್ನದಲ್ಲ ಅನ್ನೋನ ಕಂಕುಳಿಗೆ ಮೊದಲು ಮಗು ಕೊಡ್ಬೇಕು, ಆಮೇಲೆ ಇಳಿಸು ಅನ್ಬೇಕು. ... ಹಾಂ ಹಾಂ, ನಮ್ಮಣ್ಣನ ಥರಾನೇ."

"... ಆಗೇ ಆಗುತ್ತೆ ಅಂತ ಹೇಗೆ ಹೇಳ್ಲಿ? ಅಷ್ಟರಲ್ಲಿ ತುಂಬಿಬಿಟ್ರೆ ಎಲ್ಲಾ ಹೋಯ್ತು. ... ತೊಂಬತ್ತೈದು ಅಂತೀರಿ, ಇನ್ನೇನು ಯೋಚಿಸೋದು? ಹೊಡೀರಿ."

"... ಅತ್ತಿಗೆ? ... ಇದ್ದೀರಾ? ... ಅತ್ತಿಗೆ!"

"... ಹಾಂ. ಈಗ ನಿಲ್ಲಿಸು ಅನ್ನಿ. ... ಎಷ್ಟು? ... ಇನ್ನೊಂದ್ಸಲ ನೋಡಿ. ... ಸೊನ್ನೆನಾ? ಏರ್ತಿಲ್ಲ, ಅಲ್ವಾ? ನಿಜವಾಗ್ಲೂ ಏರ್ತಿಲ್ಲ, ಅಲ್ವಾ?"

ಬೈಯೋಣವೆಂದರೆ ಇವನಿಗೆ ಯಾರೂ ಸಿಗಲಿಲ್ಲ.

"... ಪಕ್ಕದ ಮೇಜಲ್ಲಿ ಏನಾಗ್ತಿದೆ? ... ಗಂಡನಿಗೆ ಬೆನ್ನು ಉಜ್ಜು ಅಂತಿದ್ದಾರಾ? ಯಾರ ಬೆನ್ನು, ಮಗೂದಾ? ಹುಟ್ತಾ! ... ಯಾಕೆ, ಅಳ್ತಿಲ್ವಾ? ... ಅತ್ತಿಗೆ, ಅಳ್ತಿಲ್ವಾ? ... ಉಜ್ಜಲಿ, ಬಿಡದೆ ಉಜ್ಜಲಿ. ಲೈನ್ ಇರುತ್ತೆ ಅಂತ ಹೇಳಿ ಪಕ್ಕದ ಮೇಜಿನಾಕೆಗೆ, ಇದ್ದೇ ಇರುತ್ತೆ."

"... ಏನದು? ... ಸ್ಪೀಕರಲ್ಲಿ ಮಗು ಅಳ್ತಿರೋದಾ? ... ಎಲಾ ಇವನ, ಏನ್ ಗಂಟಲು! ಇಲ್ಲಿಗೂ ಕೇಳಿಸ್ತು."

"... ಆಂಬುಲೆನ್ಸ್ ಬಾಗಿಲಿಗೆ ಬಂತಾ? ಆ ಗಂಡ ಫೋನ್ ಇಟ್ನಾ? ... ಹೊಸ ಕರೆಗಳನ್ನೆಲ್ಲ ಪಕ್ಕದ ಊರಿನ ಕೋಣೆಗೆ ತಿರುಗಿಸಿದ್ರಾ? ... ಈಗ ಇರೋದು ನಂದೊಂದೇ ಕರೆನಾ? ಸರಿಯಾಗಿ ನೋಡಿ ಹೇಳಿ. ... ಹಾಗಾದ್ರೆ ಇನ್ನೇಕೆ ತಡ, ರೀಸ್ಟಾರ್ಟ್ ಒತ್ತಿ. ... ಹೋಗ್ಲಿ ಬಿಡಿ ಅತ್ತಿಗೆ, ನನ್ನ ಲೈನ್ ಹೋದ್ರೆ ಯಾರಪ್ಪನ ಗಂಟು ಹೋಗುತ್ತೆ? ... ಒತ್ತಿ, ನಾನಿದ್ದೀ—"