ಹನ್ನೊಂದು ಜನರ ಹತ್ತಿರ ಕೇಳಿದ ಕ್ಷಮೆ

ನರರೋಗದ ಡಾಕ್ಟರ ಹೊರಕೋಣೆಯಲ್ಲಿ ದರ್ಜಿ ಹೆಂಗಸು ತನ್ನ ಸರದಿಗಾಗಿ ಕಾಯುತ್ತಿದ್ದಳು. ಅರ್ಧ ತಲೆ ಸಿಡಿಯುತ್ತಿದ್ದರೂ ಅವಳ ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದ ಬೆಂಚಿನಲ್ಲಿ ಹಿರಿಯರೊಬ್ಬರು, ಜೊತೆಗೆ ಅವರ ಅಣ್ಣನ ಮಗ. ಹಿರಿಯರ ತೊಡೆಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದ ಹಾಳೆಗಳ ಕಟ್ಟು.

“ಚಿಕ್ಕಪ್ಪಾ, ಅದನ್ನ ಚೀಲದೊಳಗಿಡಿ.”

“ಡಾಕ್ಟರಿಗೆ ತೋರಿಸ್ಬೇಕಲ್ಲ. ನಾನೇ ಬರೆದ ಪ್ರೋಗ್ರಾಮು, ಇಪ್ಪತ್ತು ವರ್ಷ ಲೈಬ್ರರಿ ನಡೆಸ್ತು. ಈಗ ಯಾಕೆ ನಿಂತಿದೆ ಅಂತ ನನಗೇ ತಿಳೀತಿಲ್ಲ. ಅರಳುಮರಳು ಅಲ್ದೆ ಇನ್ನೇನು?”

“ತಪ್ಪು ಅದರಲ್ಲಿಲ್ಲ.”

“ಮತ್ತೆಲ್ಲಿದೆ?”

“ಅಲ್ಲಿನ ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿದ್ದು ನಾನು. ನೀವು ಬರೆದಿದ್ದು ಪ್ರೋಗ್ರಾಮಿಂಗ್ ಭಾಷೆಯ ಹಳೇ ವರ್ಷನ್‌ನಲ್ಲಿ. ಹೊಸದು ಅದನ್ನ ಓದೋದೇ ಇಲ್ಲ. ಮೊದಲೇ ನೋಡ್ಕೋಬೇಕಿತ್ತು.”

“ನಿನಗೆ ಯಾವಾಗ ಗೊತ್ತಾಯ್ತು?”

“ಅವತ್ತೇ.”

“ಮೂರು ವಾರದಿಂದ ಒಂದೊಂದು ಸಾಲಿಗೂ ಬೆರಳಿಟ್ಟು ಓದ್ತಿದೀನಲ್ಲೋ.”

“ನೋಡ್ತಾನೇ ಇದ್ದೆ. ಲೈಬ್ರರಿಯಲ್ಲಿ ಎಲ್ಲರೂ ನಿಮ್ಮದೇ ತಪ್ಪು ಅಂದ್ಬಿಟ್ರು. ನಾನು ತೆಪ್ಪಗಿದ್ದೆ. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ.”

“ಇಲ್ಲಿಗೆ ಕರ್ಕೊಂಡು ಬರೋಕೆ ಮನಸ್ಸು ಬಂತಾ?”



“ಟೋಕನ್ ಹದಿನಾಲ್ಕು!” ನರ್ಸ್ ಕೂಗಿದಳು.

ಹಿರಿಯರು ಎದ್ದರು. ಕಟ್ಟನ್ನು ಅವನ ಕೈಗೆ ತುರುಕಿ, ಡಾಕ್ಟರ ಬಾಗಿಲು ಬಿಟ್ಟು ಮೆಟ್ಟಿಲ ಕಡೆಗೆ ನಡೆದರು. ಅವನು ತಲೆ ತಗ್ಗಿಸಿ ಹಿಂಬಾಲಿಸಿದ. ಇಳಿಯುತ್ತಿದ್ದವರ ದನಿ ಮೇಲಿನವರೆಗೂ ಕೇಳಿಸಿತು.

“ಲೈಬ್ರರಿಯಲ್ಲಿ ಹನ್ನೊಂದು ಜನರಿಗೆ ಕೈಮುಗಿದು ಕ್ಷಮೆ ಕೇಳಿದೀನಿ. ಒಬ್ಬೊಬ್ಬರ ಹತ್ರಾನೂ ಹೋಗಿ ಅದನ್ನ ವಾಪಸ್ ಇಸ್ಕೊಂಡು ಬಾ.”