ಜೋಡಿ ಗುಂಡೂ ಲೀಲಾಳ ಟಕಟಕವೂ

...ಅಲ್ಲ, ಲೀಲಾ ದಿನಾ ನೆರಿಗೆ ಸರಿ ಮಾಡ್ಕೊಂಡು ಹೊಳೆ ದಾಟಿ ಆ ಬೋಪಯ್ಯನ ಮನೆಗೆ ಹೋಗ್ತಿದ್ದಳಲ್ಲ, ನಾವೇನು ಕಣ್ಣು ಮುಚ್ಕೊಂಡು ಕೂತಿರ್ಬೇಕಿತ್ತಾ? ಅವನೋ ಮಿಲಿಟ್ರಿಯಿಂದ ರಿಟೈರಾದವನು, ಹೆಂಡ್ತಿ ಸತ್ತವನು. ಇವಳೋ ನಮ್ಮ ಎಸ್ಟೇಟಿನ ಲೆಕ್ಕ ಬರೆಯೋ ರೈಟರ ಹೆಂಡ್ತಿ. ಬಾಗಿಲು ತೆಗೆದೇ ಇರ್ತಿತ್ತು, ಸುಳ್ಳು ಹೇಳ್ಬಾರ್ದು, ಆದ್ರೆ ಒಳಗಿಂದ ಬರೀ ಟಕ್, ಟಕಟಕ್. ಕಾಫಿ ಹಣ್ಣು ಪಿಕಿಂಗಿಗೆ ಹೋದ ಕಡೆಯೆಲ್ಲ ಅದೇ ಮಾತು. ಕಡೆಗೆ ನೋಡಿದ್ರೆ, ಮನೇಲಿ ಕೂತೇ ದೂರದವರ ಹತ್ರ ಮಾತಾಡೋ ಹ್ಯಾಮ್ ರೇಡಿಯೋ ಇದೆಯಲ್ಲ, ಅದರ ಲೈಸೆನ್ಸ್ ಪರೀಕ್ಷೆಗೆ ಬೋಪಯ್ಯನ ಸೆಟ್ಟಲ್ಲಿ ಮೋರ್ಸ್ ಕಲೀತಿದ್ದಳಂತೆ, ಒಂದೊಂದು ಅಕ್ಷರಕ್ಕೂ ಒಂದೊಂದು ಥರ ಟಕಟಕ. ಪಾಸೂ ಆದಳು. ಅವಳ ಮೈದುನ ಚಿಣ್ಣಪ್ಪ ಬಿದ್ದು ಬಿದ್ದು ನಕ್ಕ. ಅವನ ಹತ್ರಾನೂ ಲೈಸೆನ್ಸ್ ಇತ್ತು, ಮೋರ್ಸ್ ಇಲ್ಲದ್ದು, ಬಾಯಲ್ಲಿ ಮಾತಾಡೋದು. "ಅತ್ತಿಗೆ, ಆ ಪರೀಕ್ಷೆಯನ್ನೇ ತೆಗೆದು ಹಾಕ್ಬೇಕು. ಬಾಯಿ ಇರುವಾಗ ಮರಕುಟಿಕನ ಹಾಗೆ ಕುಟ್ಟೋದ್ಯಾಕೆ?" "ಬಾಯಿ ಎಲ್ಲರಿಗೂ ಇದೆ ಚಿಣ್ಣಪ್ಪ, ಅದಕ್ಕೇ ಯಾರದ್ದೂ ಕೇಳಲ್ಲ" ಅಂದಳು. ನನ್ನ ಮುಖ ನೋಡ್ಕೊಂಡೇ ಅಂದಳು, ಮೂದೇವಿ!

ಆ ಮಳೆಗಾಲವೇ ಗುಡ್ಡ ಜರಿದದ್ದು. ಕರೆಂಟಿಲ್ಲ, ಟವರಿಲ್ಲ, ಸೇತುವೆಯೂ ಇಲ್ಲ. ಹೊಳೆ ಆಚೆ ಉಳಿದದ್ದು ಬೋಪಯ್ಯನ ಮನೆ, ನನ್ನ ಅಳಿಯನ ಮನೆ, ಎರಡೇ. ಅಲ್ಲಿ ನನ್ನ ಮಗಳು ಗಿರಿಜ, ಇಲ್ಲಿ ಕೂತಿದ್ದಾನಲ್ಲ, ಈ ಕಿಟ್ಟುವಿನ ಅವ್ವ, ದಿನ ತುಂಬಿದ ಬಸುರಿ. ನನಗೆ ಗಂಜಿ ಇಳೀತಿರ್ಲಿಲ್ಲ, ಅಲ್ಲ, ಗಂಜಿಯೇ ಇರ್ಲಿಲ್ಲ ಅನ್ನಿ, ನೆನೆದ ಅಕ್ಕಿ ಮುಗ್ಗಲು ಹಿಡಿದಿತ್ತು. ಬೆಳಿಗ್ಗೆ ಆಚೆಯಿಂದ ಢಂ! ಗಂಡು ಮಗು ಅಂತ ಎದ್ದೆ, ನಮ್ಮಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು ಹೊಡೀತಾರಲ್ವಾ. ಎದ್ದವಳು ಸೆರಗು ಹೊದ್ದಿಲ್ಲ, ಇನ್ನೊಂದು ಢಂ. ಜೋಡಿ ಗುಂಡು ಅಂದ್ರೆ ಸಾವು. "ಗಿರಿಜ ಹೋದಳೋ!" ಅಂತ ಮನೆಯೆಲ್ಲ ಗೋಳು.

ಚಿಣ್ಣಪ್ಪ ತನ್ನ ರೇಡಿಯೋ ಸೆಟ್ ತಂದು "ಹಲೋ, ಬೋಪಯ್ಯಣ್ಣಾ, ಹಲೋ" ಅಂತ ಗಂಟಲು ಹರ್ಕೊಂಡ. ಬ್ಯಾಟರಿ ಸಾಯ್ತಾ ಇತ್ತು, ಬಂದದ್ದು ಒಗ್ಗರಣೆ ಸದ್ದು. "ಆಚೆ ಸರ್ಕೋ ಮಾರಾಯ" ಅಂದವಳೇ ಲೀಲಾ ಅವನನ್ನು ನೂಕಿ, ಅದೇ ಸೆಟ್ಟಿಗೆ ತನ್ನ ಮೋರ್ಸ್ ಕುಟ್ಟೋ ಕೀ ಸಿಕ್ಕಿಸಿ ಕುಟ್ಟಿದಳು. ಮಾತಿಗೆ ಸಾಲದ ಬ್ಯಾಟರಿ ಟಕಟಕಕ್ಕೆ ಸಾಕಂತೆ. ಕುಟ್ಟಿದಳು, ಕಿವಿಗೊಟ್ಟಳು, ಮತ್ತೆ ಕುಟ್ಟಿದಳು. ಆ ಚರಪರದ ಒಳಗಿಂದ ಇರುವೆ ಸಾಲಿನ ಹಾಗೆ ಸಣ್ಣಗೆ ಕುಂಯ್ ಕುಂಯ್.

"ಚಿಕ್ಕಮ್ಮಾ, ಅಳಬೇಡಿ. ತಾಯಿ ಮಗು ಚೆನ್ನಾಗಿದ್ದಾರೆ. ಗಂಡು."

"ಮತ್ತೆ ಎರಡನೇ ಗುಂಡು?" ಅಂದೆ.

ಅದನ್ನೂ ಕುಟ್ಟಿ ಕೇಳಿದಳು. "ನಿಮ್ಮ ಅಳಿಯ ಖುಷಿ ತಡೀಲಾರದೆ ಹೊಡೆದದ್ದಂತೆ."

ಅವನ ಖುಷಿಗೆ ಬೆಂಕಿ ಬೀಳ! ಏ ಕಿಟ್ಟು, ನಗಬೇಡ.

ಚಿಣ್ಣಪ್ಪ ಈಗಲೂ ಪರೀಕ್ಷೆ ಬೇಡ ಅಂತ್ಲೇ ವಾದಿಸ್ತಾನೆ, ಕಳ್ಳ, ಆದ್ರೆ ಅತ್ತಿಗೆ ಹತ್ರ ಕೂತು ಟಕಟಕ ಕಲೀತಿದ್ದಾನೆ. ಅವಳಿಗೂ ಬೋಪಯ್ಯನಿಗೂ ಬೇರೆ ಏನಾದ್ರೂ ಇತ್ತಾ ಅಂತೀರಾ? ಇದ್ರೆ ಇರ್ಲಿ ಬಿಡಿ, ಆ ಕುಟ್ಟಿದ ಕೈಗೆ ನಾನೇ ಬಳೆ ತೊಡಿಸಿದ್ದೀನಿ. ಹಳೇ ಮೊರ ಅಂತ ಒಲೆಗೆ ಹಾಕ್ಬೇಡಿ ಮಕ್ಕಳೇ, ಮಳೇಲಿ ತಲೆ ಮೇಲೆ ಹಿಡಿಯೋಕೆ ಅದೇ ಆಗೋದು.